ಕೈತೂಕದ ಮೌಸ್

ನನ್ನ ಗಂಡ ತುಕ್ರಪ್ಪನವರ ಲೆಕ್ಕದಲ್ಲಿ ಲೋಕದ ಸಾಮಾನುಗಳಿಗೆ ಎರಡೇ ಜಾತಿ. ಒಂದು ಭಾರದ್ದು, ಇನ್ನೊಂದು ಬೇಡದ್ದು. ಕುಕ್ಕರ್ ತರಲು ಕಳಿಸಿದರೆ ಅಂಗಡಿಯಲ್ಲಿದ್ದ ಅಷ್ಟನ್ನೂ ಎತ್ತಿ ಎತ್ತಿ ಇಳಿಸಿ, ಅಂಗಡಿಯವನ ಮಂಡೆ ಬಿಸಿ ಮಾಡಿ, ಕೊನೆಗೆ ಮದುವೆ ಅಡುಗೆಗೆ ಆಗುವಂಥದ್ದನ್ನು ಹೊತ್ತು ತಂದರು. ಅದರ ಮುಚ್ಚಳ ತೆಗೆಯಲು ಇವತ್ತಿಗೂ ನಾನು ಇವರನ್ನೇ ಕರೆಯಬೇಕು. ಸಾರಿನ ಸೌಟನ್ನೂ ಇವರೇ ಆರಿಸಿದ್ದು. ಎರಡು ಸಲ ಬಡಿಸಿದರೆ ಮಣಿಕಟ್ಟು ನೋಯುತ್ತದೆ. ನನ್ನನ್ನು ನೋಡಲು ಬಂದ ದಿನ ನೀರು ಕೊಟ್ಟ ಚೊಂಬನ್ನು ಅಂಗೈಯಲ್ಲಿ ತೂಗಿ, "ಹಳೇ ಹಿತ್ತಾಳೆ, ಲಾಯಕ್ ಉಂಟು" ಎಂದವರು ಇವರು. ನನ್ನ ಮುಖ ನೋಡಿದ್ದು ಆಮೇಲೆ. ಆ ಸಿಟ್ಟು ನನಗಿನ್ನೂ ಹೋಗಿಲ್ಲ, ಹೋಗುವುದೂ ಬೇಡ.

ಇದಕ್ಕೆಲ್ಲ ಮೂಲ ತೆಂಗಿನಕಾಯಿ. ದೀಪಾವಳಿ ಹೊತ್ತಿಗೆ ಕಕ್ಕಿಂಜೆಯ ನಮ್ಮ ಕಡೆ ಕಾಯಿ ಕುಟ್ಟುವ ಪಂದ್ಯ ಇರುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಬ್ಬ ಸುಲಿದ ಕಾಯಿಯನ್ನು ಗಟ್ಟಿಯಾಗಿ ಹಿಡಿದು ಕೂರುತ್ತಾನೆ, ಇನ್ನೊಬ್ಬ ತನ್ನ ಕಾಯಿಯಿಂದ ಅದಕ್ಕೆ ಕುಟ್ಟುತ್ತಾನೆ. ಯಾರದ್ದು ಒಡೆಯಿತೋ ಅವನು ಒಡೆದ ಕಾಯಿಯನ್ನು ಗೆದ್ದವನಿಗೆ ಕೊಟ್ಟು ಎದ್ದು ಹೋಗಬೇಕು. ಇಷ್ಟೇ ಆಟ. ಗೆಲ್ಲುವುದು ಸೋಲುವುದು ಎಲ್ಲ ಕಾಯಿ ಆರಿಸುವುದರಲ್ಲೇ ಮುಗಿದಿರುತ್ತದೆ. ಇವರು ಕಾಯಿಯನ್ನು ಅಂಗೈಯಲ್ಲಿ ಒಮ್ಮೆ ಹಾರಿಸಿ ಹಿಡಿಯುತ್ತಾರೆ, ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಕಿವಿಗೆ ಹಿಡಿಯುತ್ತಾರೆ, ಆಮೇಲೆ "ಇದು" ಎಂದು ಒಂದೇ ಮಾತು. ಆ ಕಾಯಿ ಒಡೆದದ್ದನ್ನು ಊರಿನವರು ನೋಡಿದ್ದು ಕಡಿಮೆ. ಪಕ್ಕದ ಮನೆಯ ರುಕ್ಮಯ್ಯನಂಥವರು ತಮ್ಮ ಕಾಯಿಯನ್ನೂ ತಂದು "ತುಕ್ರಪ್ಪಣ್ಣ, ಒಮ್ಮೆ ಮುಟ್ಟಿ ಕೊಡಿ ಮಾರಾಯ್ರೆ" ಎಂದು ಕಾಯುತ್ತಾರೆ. ರಬ್ಬರ್ ಮರದ ತೊಗಟೆ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿ ಬದುಕುವ ಮನುಷ್ಯ ಅವತ್ತೊಂದು ದಿನ ಎದೆ ಮುಂದೆ ಮಾಡಿ ನಡೆಯುತ್ತಾರೆ. ಗೆದ್ದ ಕಾಯಿಯ ಮೊದಲ ಚಟ್ನಿಯನ್ನು ಮಾತ್ರ ಇವರೇ ಮಾಡಬೇಕು, ಒಗ್ಗರಣೆಯನ್ನೂ ಇವರೇ ಹಾಕಬೇಕು. ಅವತ್ತು ನನಗೆ ಒಲೆಯ ಹತ್ತಿರ ಜಾಗ ಇಲ್ಲ. ಅದಾದ ಮೇಲೆ ಒಂದು ತಿಂಗಳು ಆ ಕಾಯಿಗಳನ್ನು ತುರಿಯುವವಳು ನಾನು.

ನಮಗೆ ಒಬ್ಬಳೇ ಮಗಳು, ದೀಕ್ಷಿತಾ. ಮೂಡುಬಿದಿರೆಯಲ್ಲಿ ಕಾಲೇಜು, ಅಲ್ಲೇ ಹಾಸ್ಟೆಲ್. ಈ ಸಲ ದೀಪಾವಳಿ ರಜೆಗೆ ಬಂದವಳು ತಾನು ಕಾಲೇಜಿನ ಟೀಮಿನಲ್ಲಿದ್ದೇನೆ ಎಂದಳು. ನಾನು ಥ್ರೋಬಾಲ್ ಎಂದುಕೊಂಡು ಖುಷಿಪಟ್ಟೆ. ನೋಡಿದರೆ ಕಂಪ್ಯೂಟರಿನಲ್ಲಿ ಬಂದೂಕು ಹಿಡಿದು ಆಡುವ ಆಟ! ಈ ಕಡೆ ಐದು ಜನ, ಆ ಕಡೆ ಐದು ಜನ. ಗೋಡೆಯ ಮರೆಯಲ್ಲಿ ನಿಂತು ಇಣುಕುವುದು, ಎದುರಿನವನ ತಲೆ ಕಂಡ ಕೂಡಲೇ ಗುಂಡು ಹಾರಿಸುವುದು. ನಾನು ಅಂಗನವಾಡಿ ಟೀಚರ್, ದಿನವಿಡೀ ಬೊಬ್ಬೆ ಹಾಕಿ ಅಭ್ಯಾಸ. "ನಿನ್ನ ಮಂಡೆ ಸಮ ಉಂಟಾ? ಇದಕ್ಕಾ ನಾವು ನಿನ್ನನ್ನು ಕಾಲೇಜಿಗೆ ಕಳಿಸಿದ್ದು?" ಎಂದು ಕೂಗಿದೆ. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾಸ್ಟೆಲಿನಿಂದ ತಂದಿದ್ದ ಲ್ಯಾಪ್‌ಟಾಪಿನಲ್ಲಿ ಆಡಿ ತೋರಿಸಿದಳು. ಎದುರಿನವರಲ್ಲಿ ಮೂರು ಜನರನ್ನು ನನ್ನ ಮಗಳೊಬ್ಬಳೇ ಮಲಗಿಸಿದಳು. ಆಮೇಲೆ ನಾನು ಜಾಸ್ತಿ ಬೈಯಲಿಲ್ಲ.

ತೊಂದರೆ ಇದ್ದದ್ದು ಅವಳ ಮೌಸಿನದ್ದು. ಹಳೆಯದು, ಒಂದು ಸಲ ಒತ್ತಿದರೆ ಎರಡು ಸಲ ಗುಂಡು ಹಾರುತ್ತಿತ್ತು. ಬೇಕಾದಾಗ ಪರದೆಯ ಮೇಲಿನ ಬಾಣದ ಗುರುತು ಓಡುವುದಿಲ್ಲ, ಬೇಡವಾದಾಗ ಮೂಲೆಗೆ ಹಾರುತ್ತದೆ. ಟೀಮಿನ ಕ್ಯಾಪ್ಟನ್ ತೃಪ್ತಿ ಎಂಬ ಹುಡುಗಿ. ಎಲ್ಲರೂ ಅವರವರ ಮನೆಯಲ್ಲಿ ಕೂತು ಒಟ್ಟಿಗೆ ಪ್ರಾಕ್ಟೀಸ್ ಮಾಡುವಾಗ ಅವಳು ಮಾತಾಡಿದ್ದು ನನಗೂ ಕೇಳಿಸಿತು.

"ದೀಕ್ಷೀ, ಬರುವ ಭಾನುವಾರ ಮ್ಯಾಚ್. ಅಷ್ಟರೊಳಗೆ ಸರಿಯಾದ ಮೌಸ್ ತೆಗೆದುಕೊಂಡು ಕೈ ಕೂರಿಸು. ಇಲ್ಲದಿದ್ದರೆ ನಿನ್ನ ಜಾಗದಲ್ಲಿ ಶಶಿಕಿರಣನನ್ನು ಕೂರಿಸ್ತೇನೆ. ಬೇಜಾರು ಮಾಡಿಕೊಳ್ಬೇಡ ಮಾರಾಯ್ತಿ, ನನಗೆ ಬೇರೆ ದಾರಿ ಇಲ್ಲ."

ನನ್ನ ಮಗಳು ಅವತ್ತು ಊಟಕ್ಕೆ ಏಳಲಿಲ್ಲ. ಓಟದಲ್ಲಿ, ಕಬಡ್ಡಿಯಲ್ಲಿ, ಎಲ್ಲದರಲ್ಲೂ ಹೊರಗೆ ನಿಂತು ಚಪ್ಪಾಳೆ ತಟ್ಟಿದ ಹುಡುಗಿ ಅವಳು. ಒಂದು ಟೀಮಿನಲ್ಲಿ ಕೂರಲು ಅವಳಿಗೆ ಸಿಕ್ಕಿದ ಮೊದಲನೇ ಕುರ್ಚಿ ಅದು. ಅದೂ ಹೋಗುತ್ತದೆಯಲ್ಲ ಎಂದು ನನಗೇ ಸಂಕಟವಾಯಿತು.

ಇವರು ಎಲ್ಲ ಕೇಳಿಸಿಕೊಂಡು, ಮಜ್ಜಿಗೆ ಕುಡಿದು, ಲೋಟ ಇಟ್ಟು ಹೇಳಿದರು. "ಅಷ್ಟೇ ಅಲ್ವಾ? ನಾಳೆ ಬೆಳ್ತಂಗಡಿಗೆ ಹೋಗುವ. ಮೌಸ್ ನಾನು ತೆಗೆದುಕೊಡ್ತೇನೆ. ಆರಿಸುವುದು ಮಾತ್ರ ನಾನು."

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು.

ಬೆಳ್ತಂಗಡಿಯಲ್ಲಿ ಇಬ್ರಾಹಿಂ ಖಲೀಲ್ ಎಂಬವರದ್ದು ಕಂಪ್ಯೂಟರ್ ಅಂಗಡಿ. ಒಳ್ಳೆಯ ಮನುಷ್ಯ, ತಾಳ್ಮೆ ಜಾಸ್ತಿ. ಆ ದಿನ ಅದೆಲ್ಲ ಖರ್ಚಾಯಿತು. ಅವರು ಮಗಳ ಕೈಯನ್ನು ಮೇಜಿನ ಮೇಲೆ ಇಡಿಸಿ ನೋಡಿ, ಅವಳು ಮೌಸನ್ನು ಹೇಗೆ ಹಿಡಿಯುತ್ತಾಳೆ, ಅಂಗೈ ಪೂರ್ತಿ ಊರುತ್ತಾಳಾ ಅಥವಾ ಬೆರಳುಗಳನ್ನು ಕೊಕ್ಕೆಯ ಹಾಗೆ ಮಡಚುತ್ತಾಳಾ ಎಂದೆಲ್ಲ ಕೇಳಿದರು.

"ನೋಡಿ ತುಕ್ರಪ್ಪಣ್ಣ, ಶೂಟಿಂಗ್ ಆಟದಲ್ಲಿ ಮೌಸನ್ನು ಎಳೆಯುವುದು, ಎತ್ತುವುದು, ಪುನಃ ಇಡುವುದು, ಇದೇ ಕೆಲಸ. ಹಾಗಾಗಿ ಹಗುರ ಇದ್ದಷ್ಟು ಕೈ ಸೋಲುವುದಿಲ್ಲ. ತಲೆ ಕಂಡಲ್ಲಿ ಟಕ್ ಅಂತ ನಿಲ್ಲಬೇಕು. ಪೆಟ್ಟಿಗೆಯ ಮೇಲೆ ದೊಡ್ಡ ದೊಡ್ಡ ನಂಬರ್ ಬರೆದಿರ್ತಾರೆ, ಅದನ್ನು ನೋಡ್ಬೇಡಿ. ಕೈಗೆ ಕೂರ್ತದಾ, ಸೆನ್ಸರ್ ಜಾರ್ತದಾ, ಅದು ನೋಡುವ."

ಹೀಗೆ ಹೇಳಿ ಅವರು ತೆಗೆದಿಟ್ಟದ್ದು ಮೈಯೆಲ್ಲ ತೂತು ತೂತಾಗಿದ್ದ ಒಂದು ಬಿಳಿ ಮೌಸ್. ಭಾರ ಕಡಿಮೆ ಮಾಡಲಿಕ್ಕೆಂದೇ ಹಾಗೆ ಮಾಡುತ್ತಾರಂತೆ. ದೀಕ್ಷಿತಾಳ ಕಣ್ಣು ಅಲ್ಲೇ ಅಂಟಿತು. ಇವರು ಅದನ್ನು ಎತ್ತಿದರು. ಅಂಗೈಯಲ್ಲಿ ಹಾರಿಸಿದರು. ಗೆಣ್ಣಿನಿಂದ ತಟ್ಟಿದರು. ಕಿವಿಗೆ ಹಿಡಿದರು.

"ಖಲೀಲ್, ನೀವು ನನ್ನ ಗುರ್ತದವರು ಅಂತ ನಾನು ಇಲ್ಲಿಗೆ ಬಂದದ್ದು. ನನಗೆ ಹುಳ ಹಿಡಿದದ್ದನ್ನು ಕೊಡ್ತೀರಲ್ಲ!"

"ಹುಳ ಅಲ್ಲ ಅಣ್ಣ, ಅದು ಡಿಸೈನ್."

"ಗೆದ್ದಲು ತಿಂದ ಹಂಚಿನ ಮಾಡಿನ ಪಕಾಸಿಗೂ ನೀವು ಡಿಸೈನ್ ಅಂತ ಹೇಳುವವರೇ. ಬೇರೆ ತೋರಿಸಿ."

ನನಗೆ ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಮಗಳು ನನ್ನ ಕಾಲು ತುಳಿದಳು. ಇವರು ಅಂಗಡಿಯಲ್ಲಿದ್ದ ಮೌಸುಗಳನ್ನೆಲ್ಲ ಹಾರಿಸಿ ತಟ್ಟಿ ಕಿವಿಗೆ ಹಿಡಿದು ಪಕ್ಕಕ್ಕೆ ಸರಿಸುತ್ತಾ ಬಂದರು. ಇನ್ನೊಬ್ಬ ಗಿರಾಕಿ ಚಾರ್ಜರ್ ಕೇಳುವುದನ್ನು ಬಿಟ್ಟು ಬಾಯಿ ತೆರೆದು ನಿಂತಿದ್ದ. ಕಡೆಗೆ ಮೇಲಿನ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಒಂದು ಕಪ್ಪು ಪೆಟ್ಟಿಗೆ ಇವರ ಕಣ್ಣಿಗೆ ಬಿತ್ತು. ಹಳೆಯ ನಮೂನೆಯ ಗೇಮಿಂಗ್ ಮೌಸ್. ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಗುಳಿ, ಗುಳಿಗೆ ಮುಚ್ಚಳ, ಒಳಗೆ ಜೋಡಿಸಿಟ್ಟ ಕಬ್ಬಿಣದ ಬಿಲ್ಲೆಗಳು. ಭಾರ ಬೇಕಾದವರು ಹಾಕಿಕೊಳ್ಳಬಹುದು, ಬೇಡವಾದವರು ತೆಗೆಯಬಹುದು.

ಇವರ ಮುಖ ನೋಡಬೇಕಿತ್ತು. ಹಾರಿಸಿದರು, 'ಧಪ್' ಎಂದು ಅಂಗೈಗೆ ಬಿತ್ತು. "ಇದು" ಎಂದರು.

"ಅಣ್ಣ, ಅದು ಈಗ ಯಾರೂ ತೆಗೆದುಕೊಳ್ಳುವುದಿಲ್ಲ."

"ಒಳ್ಳೇ ಕಾಯಿಯೂ ಹಾಗೆಯೇ, ಗೊತ್ತಿಲ್ಲದವರು ಬಿಟ್ಟು ಹೋಗ್ತಾರೆ."

ಖಲೀಲ್ ಮಗಳ ಕಡೆ ನೋಡಿದರು. ಅವಳು ಅದರ ಮೇಲೆ ಕೈ ಇಟ್ಟಳು. ಹೇಳಬೇಕಾದ ಸಂಗತಿ ಎಂದರೆ ಆಕಾರ ಮಾತ್ರ ಅವಳಿಗೆ ಚೆನ್ನಾಗಿಯೇ ಕೂತಿತು. ಅವಳದ್ದು ಅಪ್ಪನದ್ದೇ ಕೈ, ಅಗಲ ಅಂಗೈ, ಗಿಡ್ಡ ಬೆರಳು. ಬಿಲ್ಲೆ ತೆಗೆದರೆ ಸಾಕಲ್ಲ ಎಂದು ನಾವಿಬ್ಬರೂ ಒಳಗೊಳಗೇ ಲೆಕ್ಕ ಹಾಕಿ ಸುಮ್ಮನಾದೆವು.

ಇವರೂ ಲೆಕ್ಕ ಹಾಕಿದ್ದರು. ಮನೆಗೆ ಬಂದ ಕೂಡಲೇ, ನಾನು ಬಟ್ಟೆ ಬದಲಾಯಿಸಿ ಬರುವುದರೊಳಗೆ, ಪೈಪಿನ ಸೋರಿಕೆಗೆ ಹಚ್ಚುವ ಎಂ-ಸೀಲನ್ನು ಕಲಸಿ ಆ ಮುಚ್ಚಳಕ್ಕೆ ಮೆತ್ತಿ, ಹೆಬ್ಬೆರಳಿನಿಂದ ಒತ್ತಿ ಸಾಪು ಮಾಡಿ ಬಿಸಿಲಿಗೆ ಇಟ್ಟಿದ್ದರು. "ಆಡುವಾಗ ಬಿಲ್ಲೆ ಹೊರಗೆ ಬಿದ್ದರೆ ಕಷ್ಟ ಅಲ್ವಾ ಮಗಾ" ಎಂದರು. ನನಗೆ ಬಂದ ಸಿಟ್ಟಿಗೆ ಆ ಉಳಿದ ಎಂ-ಸೀಲನ್ನು ಇವರ ಬಾಯಿಗೇ ಮೆತ್ತಬೇಕು ಎನಿಸಿತು. ಇನ್ನು ಖಲೀಲ್ ಅದನ್ನು ಹಿಂದೆ ತೆಗೆದುಕೊಳ್ಳುವ ಹಾಗೂ ಇಲ್ಲ.

ಆಮೇಲೆ ಪ್ರಾಕ್ಟೀಸಿನಲ್ಲಿ ಅವಳ ಅವಸ್ಥೆ ನೋಡಲಾಗುತ್ತಿರಲಿಲ್ಲ. ತಲೆಯ ಹತ್ತಿರ ನಿಲ್ಲಿಸಬೇಕೆಂದು ಎಳೆದರೆ ಮೌಸ್ ದಾಟಿಕೊಂಡು ಮುಂದೆ ಹೋಗುತ್ತದೆ, ಗುಂಡು ಗೋಡೆಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಹಿಡಿದುಕೊಂಡು ಕೂರುತ್ತಾಳೆ. ನನ್ನ ಸೌಟಿನ ಕಷ್ಟ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಾಯಿತು. "ಎಂತ ಆಗ್ತಾ ಉಂಟು ದೀಕ್ಷೀ?" ಎಂದು ತೃಪ್ತಿ ಆ ಕಡೆಯಿಂದ ಕೂಗುತ್ತಿದ್ದಳು.

ಅವಳು ಅಪ್ಪನಿಗೆ ಮೆಲ್ಲಗೆ ಹೇಳಿಯೂ ನೋಡಿದಳು. "ಅಪ್ಪ, ಸ್ವಲ್ಪ ಭಾರ ಆಯ್ತೋ ಏನೋ."

"ಮೊದಮೊದಲು ಹಾಗೆಯೇ. ಕೈ ಪಳಗಲಿ" ಎಂದು ಇವರು ಟ್ಯಾಪಿಂಗಿಗೆ ಹೋದರು. ದಾರಿಯಲ್ಲಿ ರುಕ್ಮಯ್ಯನಿಗೆ, ಹಾಲಿನ ಸೊಸೈಟಿಯಲ್ಲಿ ಇದ್ದವರಿಗೆ, ಬಸ್ಸಿಗೆ ಕಾಯುವವರಿಗೆ, ಎಲ್ಲರಿಗೂ ಹೇಳಿಕೊಂಡು ಬಂದರು: ಭಾನುವಾರ ಮಗಳ ಆಟ ಉಂಟು, ಸಾಮಾನು ನಾನೇ ಆರಿಸಿದ್ದು.

ನಾನು ಸೊಂಟ ಕಟ್ಟಿಕೊಂಡು ಜಗಳಕ್ಕೆ ಹೊರಟೆ. ಮಗಳು ತಡೆದಳು. "ಬೇಡ ಅಮ್ಮ. ಊರಿಡೀ ಹೇಳಿಕೊಂಡು ಬಂದಿದ್ದಾರೆ. ನಾಳೆ ಕಾಯಿ ಕುಟ್ಟಲಿಕ್ಕೆ ಹೋಗುವವರು. ಅಪ್ಪನ ಕೈ ಸರಿ ಇಲ್ಲ ಅಂತ ಹೇಗೆ ಹೇಳುವುದು?"

ಅವಳ ಕುರ್ಚಿ ಹೋಗುತ್ತಾ ಇರುವಾಗಲೂ ಅವಳಿಗೆ ಅಪ್ಪನ ಮರ್ಯಾದೆಯದ್ದೇ ಚಿಂತೆ. ನನಗೆ ಅಳು ಬಂತು. ಅತ್ತರೆ ಕೆಲಸ ಆಗುವುದಿಲ್ಲ ಎಂದು ಅಡ್ಡದಾರಿ ಹಿಡಿದೆ.

ಮರುದಿನ ಇವರು ಚೀಲ ಹಿಡಿದು ಪಂದ್ಯಕ್ಕೆ ಹೋದ ಕೂಡಲೇ ನಾವು ಬಾಗಿಲು ಹಾಕಿಕೊಂಡೆವು. ಎಂ-ಸೀಲ್ ಕಲ್ಲಾಗಿತ್ತು. ಪಿನ್ನು ಬಗ್ಗಿತು, ಚಮಚ ಬಗ್ಗಿತು, ಈರುಳ್ಳಿ ಹೆಚ್ಚುವ ಚೂರಿಯ ಮೊನೆ ಮುರಿಯಿತು. ಉಳಿದದ್ದು ಒಂದೇ, ಇವರ ಟ್ಯಾಪಿಂಗ್ ಕತ್ತಿ. ಅದನ್ನು ಇವರು ಬಿಟ್ಟು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮದುವೆಯಾದ ಹೊಸತರಲ್ಲಿ ಅದರಲ್ಲಿ ಹಲಸಿನಕಾಯಿ ಕೊಯ್ಯಲು ಹೋಗಿ ನಾನು ಕೇಳಿಸಿಕೊಂಡ ಬೈಗುಳ ಇನ್ನೂ ಕಿವಿಯಲ್ಲಿದೆ. ನಾನು ದೇವರಿಗೆ ಒಮ್ಮೆ ಕೈಮುಗಿದು ಕತ್ತಿ ತೆಗೆದೆ. ರಬ್ಬರ್ ತೊಗಟೆಯನ್ನು ಇವರು ತೆಗೆಯುವ ಹಾಗೆಯೇ ತೆಳ್ಳಗೆ, ತೆಳ್ಳಗೆ ಕೆತ್ತಿದೆ. ಮುಚ್ಚಳ 'ಟಪ್' ಎಂದು ತೆರೆಯಿತು. ಬಿಲ್ಲೆಗಳನ್ನು ಬಾಚಿ ತೆಗೆದು, ಉಳಿದಿದ್ದ ಎಂ-ಸೀಲನ್ನು ಕಲಸಿ ಮೊದಲಿನಂತೆಯೇ ಮೆತ್ತಿ, ಇವರ ಹೆಬ್ಬೆರಳ ಗುರುತಿದ್ದಲ್ಲಿ ನನ್ನ ಹೆಬ್ಬೆರಳು ಒತ್ತಿದೆ. ಅಂಗನವಾಡಿಯಲ್ಲಿ ಮಣ್ಣಿನ ಗೊಂಬೆ ಮಾಡಿಸಿದ್ದು ಪ್ರಯೋಜನಕ್ಕೆ ಬಂತು.

ಅಷ್ಟರಲ್ಲಿ ಅಂಗಳದಲ್ಲಿ ಕೆಮ್ಮಿದ ಶಬ್ದ. ಈ ಸಲ ಎದುರು ನಿಲ್ಲುವವರೇ ಇಲ್ಲದೆ ಪಂದ್ಯ ಬೇಗ ಮುಗಿದಿತ್ತಂತೆ! ಕತ್ತಿಯನ್ನು ಓಡಿ ಹೋಗಿ ಅದರ ಜಾಗಕ್ಕೆ ಸಿಕ್ಕಿಸಿದೆ. ಬಿಲ್ಲೆಗಳು ಕೈಯಲ್ಲೇ ಉಳಿದವು. ಎಲ್ಲಿಡುವುದು, ಎಲ್ಲಿಡುವುದು ಎಂದು ಸುತ್ತು ಹಾಕಿ ಸಾಸಿವೆ ಡಬ್ಬಿಯೊಳಗೆ ಸುರಿದು ಮೇಲೆ ಸಾಸಿವೆ ಎಳೆದೆ.

ಬುದ್ಧಿ ಬಂದದ್ದು ಆಮೇಲೆ. ಗೆದ್ದ ದಿನ ಚಟ್ನಿ ಯಾರು ಮಾಡುವುದು?

ಇವರು ಕಾಲು ತೊಳೆದು ಸೀದಾ ಅಡುಗೆ ಕೋಣೆಗೆ ಬಂದರು. ಕಾಯಿ ತುರಿದರು, ಕಲ್ಲಿನಲ್ಲಿ ಕಡೆದರು, ಸೌಟಿನಲ್ಲಿ ಎಣ್ಣೆ ಕಾಯಿಸಿದರು. ಸಾಸಿವೆ ಡಬ್ಬಿ ಎತ್ತಿದರು. ಮಗಳು ಬಾಗಿಲಲ್ಲಿ ಕಂಬವಾಗಿ ನಿಂತಿದ್ದಳು. ಮುಚ್ಚಳ ತೆಗೆದು, ಮೇಲಿನಿಂದ ಒಂದು ಚಿಟಿಕೆ ತೆಗೆದು ಎಣ್ಣೆಗೆ ಹಾಕಿ, ಡಬ್ಬಿ ಮುಚ್ಚಿ ಇಟ್ಟರು. ಚಟಪಟ ಎಂದು ಸಾಸಿವೆ ಸಿಡಿಯಿತು. "ಉಪ್ಪು ನೋಡು" ಎಂದು ಚಟ್ನಿಯನ್ನು ನನ್ನ ಅಂಗೈಗೆ ಹಾಕಿದರು. ಬದುಕಿದೆ ಎಂದುಕೊಂಡೆ.

ಬಿಲ್ಲೆ ಇಳಿದ ಮೌಸಿನಲ್ಲಿ ಅವಳ ಕೈ ಪುನಃ ಓಡತೊಡಗಿತು. ನಿಲ್ಲಬೇಕಾದಲ್ಲಿ ನಿಲ್ಲುತ್ತಿತ್ತು. ತೃಪ್ತಿ ಮಾತ್ರ "ಭಾನುವಾರ ಬೆಳಿಗ್ಗೆ ನಿನ್ನ ಕೈ ನೋಡಿ ಹೇಳ್ತೇನೆ, ಶಶಿಕಿರಣನೂ ಬರ್ತಾನೆ" ಎಂದಿದ್ದಳು.

ಭಾನುವಾರ ಇವರು ಬಿಳಿ ಅಂಗಿ ಹಾಕಿಕೊಂಡು ನಮಗಿಂತ ಮೊದಲು ಬಸ್ ಸ್ಟಾಪಿನಲ್ಲಿದ್ದರು. ಗುರುವಾಯನಕೆರೆ, ವೇಣೂರು ದಾಟಿ ಮೂಡುಬಿದಿರೆ ಮುಟ್ಟುವವರೆಗೆ ನನ್ನ ಜೀವ ಬಾಯಲ್ಲಿತ್ತು. ಕಾಲೇಜಿನ ದೊಡ್ಡ ಹಾಲ್, ಸಾಲು ಸಾಲು ಕಂಪ್ಯೂಟರ್. ಆಡುವವರು ತಮ್ಮ ತಮ್ಮ ಮೌಸ್ ತರಬೇಕು. ತೃಪ್ತಿ ಎತ್ತರದ, ಕನ್ನಡಕದ ಹುಡುಗಿ. ನಮ್ಮನ್ನು ಕಂಡು ಕೈಮುಗಿದಳು. ಹಿಂದೆ ಶಶಿಕಿರಣ ತನ್ನ ಮೌಸನ್ನು ಚೀಲದಿಂದ ತೆಗೆದು ಸಿದ್ಧವಾಗಿ ನಿಂತಿದ್ದ.

"ಅಂಕಲ್, ದೀಕ್ಷಿಯ ಮೌಸ್ ನೀವೇ ಆರಿಸಿದ್ದಂತೆ? ತುಂಬ ಭಾರ ಅಂತ ಕೇಳಿದೆ. ಆ ಭಾರದಲ್ಲಿ ಆಡಲಿಕ್ಕೆ ಆಗ್ತದಾ?"

"ಎಲ್ಲಿ, ಇಲ್ಲಿ ಕೊಡು ಮಗಾ" ಎಂದು ಇವರು ಕೈ ಚಾಚಿದರು.

ದೀಕ್ಷಿತಾ ನನ್ನನ್ನು ನೋಡಿದಳು. ನಾನು ಗೋಡೆ ನೋಡಿದೆ. ಕೊಡದೆ ವಿಧಿಯಿಲ್ಲ, ಕೊಟ್ಟಳು. ಇವರು ಅಂಗೈಯಲ್ಲಿ ಹಾರಿಸಿದರು. ಅದು ಬಂದು ಬಿದ್ದ ಶಬ್ದ 'ಧಪ್' ಅಲ್ಲವೇ ಅಲ್ಲ! ನನಗೇ ಗೊತ್ತಾಯಿತು, ಇವರಿಗೆ ಗೊತ್ತಾಗದೆ ಇರುತ್ತದೆಯೇ? ಇವರು ತಟ್ಟಿದರು. ಕಿವಿಗೆ ಹಿಡಿದರು. ಅಲ್ಲೇ ನಿಂತು ಮಗಳ ಮುಖವನ್ನು ಒಮ್ಮೆ ನೋಡಿದರು.

"ಭಾರ ಸಮ ಉಂಟು" ಎಂದರು ತೃಪ್ತಿಗೆ. "ಆಡಲಿ. ಇವಳ ಕೈಗೆ ನಾನು ಗ್ಯಾರಂಟಿ."

ತೃಪ್ತಿ ಕುರ್ಚಿ ಎಳೆದು ಕೊಟ್ಟಳು. ನನ್ನ ಮಗಳು ಕೂತಳು.

ನನಗೆ ಆಟ ಒಂದು ಚೂರೂ ಅರ್ಥವಾಗಲಿಲ್ಲ. ದೊಡ್ಡ ಪರದೆಯ ಮೇಲೆ ಹೊಗೆ, ಓಟ, ಬೆಂಕಿ. ಸುತ್ತಲಿನ ಮಕ್ಕಳು ಕೂಗಿದಾಗ ನಾನೂ ಕೂಗಿದೆ. ಒಂದು ಸಲ ಎದುರಿನ ಟೀಮಿನವರಿಗೇ ಕೂಗಿಬಿಟ್ಟೆನಂತೆ, ಶಶಿಕಿರಣ ಬಂದು "ಆಂಟಿ, ನಮ್ಮದು ನೀಲಿ" ಎಂದು ಹೇಳಿ ಹೋದ. ಇವರು ಪರದೆಯನ್ನು ನೋಡಲೇ ಇಲ್ಲ. ಪಕ್ಕದಲ್ಲಿ ಹೋಗಿ ನಿಂತು ಮಗಳ ಬಲಗೈಯನ್ನೇ ನೋಡುತ್ತಿದ್ದರು. ಮೊದಲನೇ ಮ್ಯಾಚಿನ ಕೊನೆಗೆ ನಮ್ಮವರೆಲ್ಲ ಸತ್ತು ಅವಳೊಬ್ಬಳೇ ಉಳಿದಳಂತೆ, ಎದುರಿಗೆ ಇಬ್ಬರು. ಅವಳ ಕೈ ಆ ಕಡೆ ಹೋಯಿತು, ನಿಂತಿತು. ಈ ಕಡೆ ಬಂತು, ನಿಂತಿತು. ಹಾಲ್ ಹಾರಿಹೋಗುವ ಹಾಗೆ ಬೊಬ್ಬೆ. ತೃಪ್ತಿ ಕುರ್ಚಿಯಿಂದ ಹಾರಿ ಬಂದು ಅವಳನ್ನು ಅಪ್ಪಿಕೊಂಡಳು.

ಫೈನಲಿನಲ್ಲಿ ಮಂಗಳೂರಿನವರ ಎದುರು ಸೋತರು, ಅದು ಬೇರೆ. "ಮುಂದಿನ ಸಲವೂ ಈ ಕುರ್ಚಿ ದೀಕ್ಷಿಯದ್ದೇ" ಎಂದು ತೃಪ್ತಿ ಎಲ್ಲರ ಎದುರು ಹೇಳಿದಳು. ಆಮೇಲೆ ಇವರ ಹತ್ತಿರ ಬಂದು, "ಅಂಕಲ್, ನಮಗೂ ಒಂದೊಂದು ಆರಿಸಿ ಕೊಡಿ" ಎಂದಳು. ಇವರು ಸುಮ್ಮನೆ ನಕ್ಕರು. ಎದೆ ಮುಂದೆ ಮಾಡಲಿಲ್ಲ. ನನಗೆ ಆಗಲೇ ಸಂಶಯ ಬರಬೇಕಿತ್ತು. ಬರಲಿಲ್ಲ, ನಾನು ಖುಷಿಯಲ್ಲಿ ಐಸ್‌ಕ್ರೀಮ್ ತಿನ್ನುತ್ತಿದ್ದೆ.

ಸುದ್ದಿ ನಮಗಿಂತ ಮೊದಲು ಊರಿಗೆ ಮುಟ್ಟಿತ್ತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಒಂದು ಬೆಳಿಗ್ಗೆ ರುಕ್ಮಯ್ಯ ಅಂಗಳಕ್ಕೆ ಬಂದ. "ತುಕ್ರಪ್ಪಣ್ಣ, ನನ್ನ ಸೊಸೆ ಕಂಪ್ಯೂಟರ್ ಕೆಲಸ ಹಿಡಿದಿದ್ದಾಳೆ. ಒಂದು ಮೌಸ್ ಬೇಕಂತೆ. ನೀವೇ ಬಂದು ಆರಿಸಿ ಕೊಡಬೇಕು ಮಾರಾಯ್ರೆ."

ಇವರು ತಲೆ ಅಲ್ಲಾಡಿಸಿ ಹೇಳಿದರು. "ಅದನ್ನು ಹಿಡಿದು ಕೆಲಸಕ್ಕೆ ಕೂರುವವರೇ ನೋಡಿ ಆರಿಸಬೇಕು ರುಕ್ಮಯ್ಯ. ನನ್ನ ಕೈ ಕಾಯಿಗೆ ಮಾತ್ರ."

ಒಳಗೆ ಸಾರು ತಿರುಗಿಸುತ್ತಿದ್ದ ನನ್ನ ಕೈ ನಿಂತಿತು. ಈ ಬಾಯಿಂದ ಈ ಮಾತು! ರುಕ್ಮಯ್ಯ ಹೋದ ಮೇಲೆ ಇವರು ಅಡುಗೆ ಕೋಣೆಗೆ ಬಂದು, ಸಾಸಿವೆ ಡಬ್ಬಿಯನ್ನು ತೆಗೆದು, ತಟ್ಟೆಗೆ ಸುರಿದರು. ಟಣ್, ಟಣ್ ಎಂದು ಬಿಲ್ಲೆಗಳು ಬಿದ್ದವು. ಒಂದೊಂದನ್ನೇ ಪಂಚೆಯಲ್ಲಿ ಒರೆಸಿ ಸಾಲಾಗಿ ಇಟ್ಟರು.

"ಯಾವಾಗ ಗೊತ್ತಾಯ್ತು ನಿಮಗೆ?" ಎಂದೆ ನಾನು.

"ಚಟ್ನಿ ಮಾಡಿದ ದಿನ. ಇಷ್ಟು ಸಾಸಿವೆಗೆ ಅಷ್ಟು ಭಾರ ಇರ್ತದಾ?"

"ಮತ್ತೆ ಮೂಡುಬಿದಿರೆಯಲ್ಲಿ ಸಮ ಉಂಟು ಅಂತ ಯಾಕೆ ಹೇಳಿದ್ರಿ?"

ಇವರು ಕೊನೆಯ ಬಿಲ್ಲೆಯನ್ನು ಅಂಗೈಯಲ್ಲಿ ಒಮ್ಮೆ ಹಾರಿಸಿ ಹಿಡಿದರು. "ನನ್ನ ಕೈಗೆ ಸಮ ಇರ್ಲಿಲ್ಲ. ಆಡುವವಳು ಅವಳಲ್ವಾ ಪ್ರೇಮಾ. ಅವಳ ಕೈಗೆ ಸಮ ಇತ್ತು."

ನನ್ನ ಕಣ್ಣು ತುಂಬಿತು. ತೂಕದಲ್ಲಿ ಒಂದು ದಿನವೂ ಸುಳ್ಳು ಹೇಳದ ಮನುಷ್ಯ, ಅಷ್ಟು ಜನರ ಎದುರು ಹೇಳಿದ್ದರಲ್ಲ. ಅದರ ಹಿಂದೆಯೇ ಸಿಟ್ಟೂ ಬಂತು. "ಹಾಗಾದ್ರೆ ನನಗೆ ಒಂದು ಮಾತು ಹೇಳಬಾರದಿತ್ತಾ? ಬಸ್ಸಿನಲ್ಲಿ ನಾನು ಹೆದರಿ ಹೆದರಿ ಸಾಯ್ತಾ ಇದ್ದೆ! ನೀವು ಆರಾಮದಲ್ಲಿ ಕಡಲೆ ತಿಂದುಕೊಂಡು ಕೂತಿದ್ದಿರಿ!"

"ನನ್ನ ಟ್ಯಾಪಿಂಗ್ ಕತ್ತಿಯ ಬಾಯಿ ಮೊಂಡು ಮಾಡಿದ್ದಕ್ಕೆ ಅಷ್ಟಾದ್ರೂ ಬೇಡ್ವಾ?" ಎಂದು ಇವರು ನಕ್ಕರು.

ಹೊಡೆಯಲೆಂದು ಸೌಟು ಎತ್ತಿದೆ. ಅದು ಇವರೇ ಆರಿಸಿ ತಂದದ್ದಲ್ಲವೇ, ಕೈ ಸೋತು ಕೆಳಗಿಟ್ಟೆ.